ಹುರಿಹಗ್ಗದ ದ್ವೀಪಗಳು, ಹವಳದ ಲೆಕ್ಕ

1956ರ ನವೆಂಬರ್ ಒಂದನೆಯ ತಾರೀಕು ಎಂದರೆ ನಮಗೆಲ್ಲ ರಾಜ್ಯೋತ್ಸವದ ನೆನಪು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದ ದಿನ. ಅದೇ ದಿನ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಿಂದ ಐದು ದ್ವೀಪಗಳು ಹೊರಟುಹೋದವು ಎಂಬುದು ಮಂಗಳೂರಿನಲ್ಲೇ ಹುಟ್ಟಿ ಬೆಳೆದವರಿಗೂ ಈಗ ಅಷ್ಟಾಗಿ ತಿಳಿಯದು. ಕಾಸರಗೋಡು ಹೋಯಿತೆಂದು ನಮ್ಮ ಹಿರಿಯರು ಎಷ್ಟೊಂದು ಮರುಗಿದರು! ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ - ಇವುಗಳಿಗಾಗಿ ಮರುಗಿದವರನ್ನು ನಾನು ಕಂಡಿಲ್ಲ. ಸುಮಾರು 300 ಕಿಲೋಮೀಟರ್ ದೂರದ ನಡುಗಡಲಿನಲ್ಲಿದ್ದರೂ ಅವು ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದ್ದವು. ಮಲಬಾರಿಗೆ ಸೇರಿದ್ದ ಕವರತ್ತಿ, ಅಗತ್ತಿ, ಅಂದ್ರೋತ್, ಕಲ್ಪೇನಿ, ಮಿನಿಕಾಯ್‌ಗಳೊಡನೆ ಕೂಡಿ ಅಂದು ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ನನ್ನ ಅಜ್ಜಿಯ ಮನೆ ಬಂದರಿನ ಹತ್ತಿರ ಇತ್ತು. ಅಜ್ಜಿಗೆ ಲಕ್ಷದ್ವೀಪ ಎಂಬ ಹೆಸರು ಕೊನೆಯವರೆಗೂ ಬಾಯಿಗೆ ಬರಲಿಲ್ಲ. ಅವಳ ಪಾಲಿಗೆ ಅವರು ‘ಅಮಿನಿಯವರು’. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಅವರ ಮಂಜಿಗಳು ಧಕ್ಕೆಗೆ ಬರುತ್ತಿದ್ದವು. ಹುರಿಹಗ್ಗ, ಕೊಬ್ಬರಿ, ತೆಂಗಿನ ಬೆಲ್ಲ ಇಳಿಸಿ, ಅಕ್ಕಿ, ಹಂಚು, ಬಟ್ಟೆ ತುಂಬಿಕೊಂಡು ಹೋಗುತ್ತಿದ್ದವು. ನಮ್ಮ ಬಾವಿಗೆ ಅಮಿನಿಯವರ ಹಗ್ಗವೇ ಆಗಬೇಕು ಎಂಬುದು ಅಜ್ಜಿಯ ಹಟ. ಬೇರೆ ಹಗ್ಗ ಒಂದು ಮಳೆಗಾಲಕ್ಕೆ ಲಡ್ಡಾದರೆ ಇದು ಮೂರು ಮಳೆಗಾಲ ಬರುತ್ತದೆ ಎನ್ನುತ್ತಿದ್ದಳು. ಯಾಕೆ ಹಾಗೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಾರಣ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪುಸ್ತಕಗಳಿಂದ.

ಈ ಹಗ್ಗದ ಹಿಂದೆ ದೊಡ್ಡ ಕತೆಯೇ ಇದೆ ನೋಡಿ. 1780ರ ದಶಕದಲ್ಲಿ ಅಮಿನಿಯವರು ಕಣ್ಣೂರಿನ ಅರಕ್ಕಲ್ ಬೀಬಿಯ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು, ತಮ್ಮನ್ನು ನೀವೇ ವಹಿಸಿಕೊಳ್ಳಿ ಎಂದು ಟಿಪ್ಪು ಸುಲ್ತಾನನನ್ನು ಕೇಳಿಕೊಂಡರು. ಹಾಗೆ ಆ ಐದು ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿ ಸರಕಾರದ ಕೈಗೆ ಬಂದವು. ಕಂಪೆನಿಗೆ ಬೇಕಾದದ್ದು ಹುರಿ. ದ್ವೀಪದ ಹುರಿಯನ್ನು ಸರಕಾರ ಮಾತ್ರ ಕೊಳ್ಳಬೇಕು, ಸರಕಾರ ಗೊತ್ತುಮಾಡಿದ ದರದಲ್ಲಿ ಕೊಳ್ಳಬೇಕು, ಬದಲಿಗೆ ಅಕ್ಕಿ ಕೊಡಬೇಕು ಎಂದಾಯಿತು. ಅಕ್ಕಿ ಬೆಳೆಯದ ನಾಡಿನವರು ಬೇರೇನು ಮಾಡಿಯಾರು? ಅಮಿನಿಯಲ್ಲಿ ಮಣೆಗಾರನೊಬ್ಬ ಕೂತು ಆಡಳಿತ ನೋಡುತ್ತಿದ್ದ. ಹಗ್ಗ ಹೊಸೆಯುವ ಕೆಲಸ ಹೆಂಗಸರದು, ಅದನ್ನು ಮಂಜಿಯಲ್ಲಿ ತುಂಬಿ ತರುವುದು ಗಂಡಸರದು, ದರ ಕಟ್ಟುವುದು ಮಂಗಳೂರಿನ ಕಚೇರಿಯದು.

ಆ ಹೆಂಗಸರ ಕೆಲಸವನ್ನು ಸ್ವಲ್ಪ ನಿಂತು ನೋಡೋಣ. ತೆಂಗಿನ ಸಿಪ್ಪೆಯನ್ನು ಅವರು ಸಿಹಿನೀರಿನಲ್ಲಿ ಕೊಳೆಹಾಕುವುದಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬವೊಂದು ಕೋಟೆಯಂತೆ ನಿಂತು, ಅದರೊಳಗೆ ಕೊಳದಂಥ ತಿಳಿನೀರು ಇರುತ್ತದೆ. ಅದೇ ಲಗೂನು. ಅದರ ಅಂಚಿನಲ್ಲಿ ಗುಂಡಿ ತೋಡಿ ಸಿಪ್ಪೆ ಹೂಳಿ ಮೇಲೆ ಕಲ್ಲು ಹೇರುತ್ತಾರೆ. ಉಬ್ಬರ ಬಂದಾಗ ಉಪ್ಪುನೀರು ನುಗ್ಗುತ್ತದೆ, ಇಳಿತಕ್ಕೆ ಇಳಿದುಹೋಗುತ್ತದೆ. ತಿಂಗಳುಗಟ್ಟಲೆ ಹೀಗೆ ನೆನೆದ ಮೇಲೆ ತೆಗೆದು, ಮರದ ಕೊಡತಿಯಿಂದ ಬಡಿದು, ನಾರು ಬಿಡಿಸಿ, ತೊಡೆಯ ಮೇಲೋ ಅಂಗೈಯಲ್ಲೋ ಹೊಸೆಯುತ್ತಾರೆ. ಯಾವ ಹುಣ್ಣಿಮೆಗೆ ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಗುಂಡಿಯ ನೀರು ಕೊಳೆತು ಕಪ್ಪಾಗುತ್ತದೆ, ಎಲ್ಲಿ ಸಿಪ್ಪೆ ಬೇಗ ಮೆತ್ತಗಾಗುತ್ತದೆ - ಇವೆಲ್ಲ ಗೊತ್ತಿಲ್ಲದೆ ನಮ್ಮ ಅಜ್ಜಿಯ ಬಾವಿಯ ಹಗ್ಗ ಮೂರು ಮಳೆಗಾಲ ಬರುತ್ತಿರಲಿಲ್ಲ. ಇದನ್ನು ಯಾರೂ ಸಾಗರವಿಜ್ಞಾನ ಎಂದು ಕರೆಯಲಿಲ್ಲ.

ಆ ಹೆಸರು ಹೊತ್ತುಕೊಂಡವರು ಹಡಗಿನಲ್ಲಿ ಬಂದರು. ಕಾಂಗ್ರೆಸ್ ಸ್ಥಾಪಕರಲ್ಲೊಬ್ಬರೆಂದು ನಾವು ಶಾಲೆಯಲ್ಲಿ ಓದಿದ ಎ. ಓ. ಹ್ಯೂಮ್ ಸಾಹೇಬರಿಗೆ ಹಕ್ಕಿಗಳ ಹುಚ್ಚು. 1875ರಲ್ಲಿ ಅವರು ಈ ದ್ವೀಪಗಳನ್ನು ಸುತ್ತಿ ಹಕ್ಕಿಗಳ ವಿವರ ಬರೆದರು. ‘ಇನ್‌ವೆಸ್ಟಿಗೇಟರ್’ ಎಂಬ ಸರ್ಕಾರಿ ಹಡಗಿನಲ್ಲಿ ವೈದ್ಯರಾಗಿದ್ದ ಆಲ್ಕಾಕ್ ಎಂಬವರು ಇಲ್ಲಿಯ ಆಳದ ಜೀವಿಗಳನ್ನು ಬಲೆ ಹಾಕಿ ಎತ್ತಿದರು. 1899ರಲ್ಲಿ ಕೇಂಬ್ರಿಜ್‌ನ ಸ್ಟ್ಯಾನ್ಲಿ ಗಾರ್ಡಿನರ್ ಇಬ್ಬರು ಸಂಗಡಿಗರೊಂದಿಗೆ ಮಿನಿಕಾಯ್‌ಗೆ ಬಂದು ಉಳಿದರು. ಹವಳದ ದ್ವೀಪಗಳು ಹುಟ್ಟುವುದು ಹೇಗೆ ಎಂಬ ಬಗ್ಗೆ ಡಾರ್ವಿನ್ 1842ರಲ್ಲೇ ಒಂದು ಪುಸ್ತಕ ಬರೆದಿದ್ದರು. ಆ ವಾದ ಸರಿಯೋ ತಪ್ಪೋ ಎಂಬ ಜಗಳ ಆಗಲೂ ನಡೆದಿತ್ತು. ಗಾರ್ಡಿನರ್ ತಂಡ ಮಿನಿಕಾಯ್ ಮತ್ತು ಮಾಲ್ಡೀವ್ಸ್‌ಗಳಿಂದ ಪೆಟ್ಟಿಗೆಗಟ್ಟಲೆ ಮಾದರಿಗಳನ್ನು ಒಯ್ದು, 1901ರಿಂದ 1906ರ ನಡುವೆ ದಪ್ಪದಪ್ಪ ಸಂಪುಟಗಳನ್ನು ಹೊರತಂದಿತು. ಒಳ್ಳೆಯ ಕೆಲಸವೇ. ಇವತ್ತಿಗೂ ವಿದ್ವಾಂಸರು ಅದನ್ನು ತೆರೆದು ನೋಡುತ್ತಾರೆ. ಆದರೆ ಏಡಿ ಹೋಯಿತು, ಹವಳ ಹೋಯಿತು, ಪುಸ್ತಕ ಮಾತ್ರ ದ್ವೀಪಕ್ಕೆ ಬರಲಿಲ್ಲ. ಬಂದಿದ್ದರೂ ಅದನ್ನು ಓದುವ ಇಂಗ್ಲಿಷು ಅಲ್ಲಿ ಯಾರಿಗಿತ್ತು?

ಹಾಗೆಂದು ದ್ವೀಪದವರಿಗೆ ಪುಸ್ತಕವೇ ಇರಲಿಲ್ಲ ಎಂದುಕೊಳ್ಳಬೇಡಿ. ಮಂಜಿ ನಡೆಸುವ ಮಾಲ್ಮಿಗಳ ಹತ್ತಿರ ‘ರಹ್ಮಾನಿ’ ಎಂಬ ಕೈಬರಹದ ಹೊತ್ತಗೆಗಳಿದ್ದವು. ಯಾವ ನಕ್ಷತ್ರ ದಿಗಂತದಿಂದ ಎಷ್ಟು ಮೇಲಿದ್ದರೆ ಯಾವ ಊರು ಹತ್ತಿರ, ಯಾವ ಗಾಳಿಗೆ ಯಾವ ದಿಕ್ಕು - ಇಂಥವೆಲ್ಲ ಅದರಲ್ಲಿ. ಗಂಟು ಹಾಕಿದ ದಾರ ಕಟ್ಟಿದ ಒಂದು ಸಣ್ಣ ಹಲಗೆಯನ್ನು ಕಣ್ಣಿನ ಮುಂದೆ ಹಿಡಿದು ನಕ್ಷತ್ರದ ಎತ್ತರ ಅಳೆಯುತ್ತಿದ್ದರು. ಕಡಲನ್ನು ಅಳೆದು ಬರೆದಿಡುವ ಅಭ್ಯಾಸ ಅಲ್ಲಿ ಹೊಸದೇನಲ್ಲ.

ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹುಟ್ಟಿತು. 1958ರಲ್ಲಿ ಅದು ಮಿನಿಕಾಯ್‌ನಲ್ಲಿ ಒಂದು ಕೇಂದ್ರ ತೆರೆಯಿತು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಡಾ. ಸಂತಪ್ಪನ್ ಜೋನ್ಸ್. ಅವರಿಗೆ ಅಲ್ಲಿ ಒಬ್ಬ ಹುಡುಗ ಕಣ್ಣಿಗೆ ಬಿದ್ದ. ಹೆಸರು ಅಲಿ ಮಣಿಕ್‌ಫಾನ್, ಹುಟ್ಟಿದ್ದು 1938ರಲ್ಲಿ, ಮಿನಿಕಾಯ್‌ನಲ್ಲೇ. ಓದಲೆಂದು ಕಣ್ಣೂರಿಗೆ ಕಳಿಸಿದ್ದರೆ ಶಾಲೆ ಬಿಟ್ಟು ಊರಿಗೆ ಮರಳಿದವನು. ಪದವಿ ಇಲ್ಲ, ಸರ್ಟಿಫಿಕೇಟು ಇಲ್ಲ. ಆದರೆ ಮೀನಿನ ಹೆಸರು, ಗುರುತು, ಅದು ಇರುವ ಜಾಗ ಎಲ್ಲ ನಾಲಿಗೆಯ ತುದಿಯಲ್ಲಿ. ಭಾಷೆಗಳನ್ನು ಒಂದರ ಮೇಲೊಂದು ತಾನೇ ಕಲಿತುಕೊಂಡಿದ್ದ. ಸರಕಾರಿ ಸಂಸ್ಥೆಗಳಲ್ಲಿ ಡಿಗ್ರಿ ಇಲ್ಲದವನಿಗೆ ಬಾಗಿಲು ತೆರೆಯುವುದು ಎಷ್ಟು ಅಪರೂಪವೆಂದು ನಿಮಗೆ ನಾನು ಹೇಳಬೇಕಿಲ್ಲ. 1960ರಲ್ಲಿ ಆ ಬಾಗಿಲು ತೆರೆಯಿತು. ರಾಮೇಶ್ವರದ ಹತ್ತಿರದ ಮಂಡಪಮ್‌ನಲ್ಲಿ ಮಣಿಕ್‌ಫಾನ್ ಕೆಲಸಕ್ಕೆ ಸೇರಿದರು. (ಇನ್ನು ‘ಹುಡುಗ’ ಎನ್ನುವುದು ಸರಿಯಲ್ಲ.) ಜೋನ್ಸ್ ಮತ್ತು ಕುಮಾರನ್ ಹೊಸದಾಗಿ ವರ್ಣಿಸಿದ ಒಂದು ಮೀನಿಗೆ ಇವರ ಹೆಸರನ್ನೇ ಇಟ್ಟರು: ಅಬುಡೆಫ್‌ಡಫ್ ಮಣಿಕ್‌ಫಾನಿ. 1980ರಲ್ಲಿ ಆ ಇಬ್ಬರು ಲಕ್ಷದ್ವೀಪದ ಮೀನುಗಳ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ 603 ಜಾತಿಗಳ ವಿವರವಿದೆ. ಗಾರ್ಡಿನರ್ ಕಾಲಕ್ಕೂ ಇದಕ್ಕೂ ನಡುವೆ ಎಂಬತ್ತು ವರ್ಷ. ಅಷ್ಟರಲ್ಲಿ ಒಬ್ಬ ದ್ವೀಪವಾಸಿಯ ಹೆಸರು ಶಾಸ್ತ್ರದೊಳಗೆ ಸೇರಿತ್ತು. ನಿಧಾನ ಎನ್ನುತ್ತೀರಾ? ನನಗೂ ಹಾಗೇ ಎನ್ನಿಸುತ್ತದೆ.

ಮಣಿಕ್‌ಫಾನರ ಕತೆ ಅಲ್ಲಿಗೆ ನಿಲ್ಲಲಿಲ್ಲ. ಟಿಮ್ ಸೆವೆರಿನ್ ಎಂಬ ಸಾಹಸಿ ಸಿಂದಬಾದನ ಕಾಲದ ಹಡಗಿನಂತೆ, ಒಂದೂ ಮೊಳೆಯಿಲ್ಲದೆ ಹಲಗೆಗಳನ್ನು ಹುರಿಯಿಂದ ಹೊಲಿದು ಹಡಗು ಕಟ್ಟಿಸಲು ಹೊರಟಾಗ ಕರೆದದ್ದು ಇವರನ್ನು. ಒಮಾನಿನ ಸೂರ್ ಎಂಬಲ್ಲಿ ‘ಸೋಹಾರ್’ ಎಂಬ ಆ ಹಡಗು ತಯಾರಾಯಿತು. ಬಳಸಿದ ಹುರಿ 600 ಕಿಲೋಮೀಟರಿಗೂ ಹೆಚ್ಚು! ಅದಕ್ಕೂ ಲಕ್ಷದ್ವೀಪದ ಹುರಿ, ಲಕ್ಷದ್ವೀಪದ ಹೊಲಿಯುವ ಕೈಗಳು. 1980ರ ನವೆಂಬರಿನಲ್ಲಿ ಮಸ್ಕತ್ ಬಿಟ್ಟ ಹಡಗು 1981ರ ಜುಲೈಯಲ್ಲಿ ಚೀನಾದ ಕ್ಯಾಂಟನ್ ಮುಟ್ಟಿತು. ಮಣಿಕ್‌ಫಾನರಿಗೆ 2021ರಲ್ಲಿ ಪದ್ಮಶ್ರೀ ಬಂತು. ಹುರಿ ಹೊಸೆದ ಹೆಂಗಸರ ಹೆಸರು ಯಾವ ಮೀನಿಗೂ ಇಟ್ಟ ಹಾಗಿಲ್ಲ.

ಮಿನಿಕಾಯ್‌ನ ಹೆಂಗಸರ ಮಾತು ಬಂದದ್ದರಿಂದ ಹೇಳುತ್ತೇನೆ. ಅಲ್ಲಿ ಮನೆತನ ನಮ್ಮ ಅಳಿಯಕಟ್ಟಿನಂತೆ ತಾಯಿಯ ಕಡೆಯಿಂದ ನಡೆಯುತ್ತದೆ. ಗಂಡಸರು ಹಡಗಿನ ಕೆಲಸಕ್ಕೆ ದೇಶಾಂತರ ಹೋದರೆ ವರ್ಷಗಟ್ಟಲೆ ಬರುವುದಿಲ್ಲ. ಊರೂರಿಗೆ ಗಂಡಸರಿಗೊಬ್ಬ ಮುಖ್ಯಸ್ಥನಿದ್ದರೆ ಹೆಂಗಸರಿಗೆ ಬೇರೆಯೇ ಒಬ್ಬಳು ಮುಖ್ಯಸ್ಥೆ, ಬೊಡುತಾತ ಎಂದು. ಗಂಡಸರು ಗಾಳದಲ್ಲಿ ಹಿಡಿದು ತಂದ ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿಯಾದ ‘ಮಾಸ್’ ಮಾಡುವ ಕೆಲಸ ಹೆಂಗಸರದು.

ಆ ಗಾಳದ ವಿದ್ಯೆಯೂ ಸೊಗಸಾದದ್ದೇ. ಲಗೂನಿನಲ್ಲಿ ಬೆರಳುದ್ದದ ಸಣ್ಣ ಮೀನುಗಳನ್ನು ಜೀವಂತ ಹಿಡಿದು ದೋಣಿಯ ತೊಟ್ಟಿಯಲ್ಲಿಟ್ಟುಕೊಂಡು ಹೊರಗಡಲಿಗೆ ಹೋಗುತ್ತಾರೆ. ಟ್ಯೂನಾ ಹಿಂಡು ಕಂಡಾಗ ಅವನ್ನು ಎರಚಿ, ಮೇಲಿಂದ ನೀರು ಚಿಮ್ಮಿಸಿ, ಹೊಳೆಯುವ ಕೊಕ್ಕೆಯ ಗಾಳ ಬಿಡುತ್ತಾರೆ. ಒಂದೊಂದು ಗಾಳಕ್ಕೆ ಒಂದೊಂದೇ ಮೀನು. ಬಲೆಯಂತೆ ಸಿಕ್ಕಿದ್ದನ್ನೆಲ್ಲ ಬಾಚುವುದಿಲ್ಲ. ಇದು ಮೊದಲು ಮಿನಿಕಾಯ್‌ನವರಿಗೆ ಮಾತ್ರ ಗೊತ್ತಿದ್ದ ವಿದ್ಯೆ. 1960ರ ದಶಕದಲ್ಲಿ ಯಂತ್ರದ ದೋಣಿಗಳು ಬಂದಾಗ ಮೀನುಗಾರಿಕೆ ಇಲಾಖೆ ಬೇರೆ ದ್ವೀಪಗಳವರಿಗೆ ಇದನ್ನು ಕಲಿಸಲು ಮಿನಿಕಾಯ್ ಬೆಸ್ತರನ್ನೇ ಮೇಷ್ಟ್ರನ್ನಾಗಿ ಮಾಡಿತು. ಸರಕಾರಿ ತರಬೇತಿಗಳಲ್ಲಿ ಇಷ್ಟು ಬುದ್ಧಿವಂತಿಕೆಯ ಕೆಲಸ ನಾನು ಬೇರೆ ಕಡೆ ಹೆಚ್ಚು ಕಂಡಿಲ್ಲ. ಅಗತ್ತಿಯವರು ಚೆನ್ನಾಗಿ ಕಲಿತರು.

ಅಂದ ಹಾಗೆ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಶುರುವಾದದ್ದು ನಮ್ಮ ಮಂಗಳೂರಿನಲ್ಲೇ, 1969ರಲ್ಲಿ. ದ್ವೀಪಗಳು ಜಿಲ್ಲೆ ಬಿಟ್ಟು ಹದಿಮೂರು ವರ್ಷದ ಮೇಲೆ.

ಕೆಲವು ವರ್ಷಗಳ ಹಿಂದೆ ನಾನು ಕೊಚ್ಚಿಯಿಂದ ಹಡಗಿನಲ್ಲಿ ಹೋಗಿ ಮೂರು ದ್ವೀಪ ನೋಡಿ ಬಂದೆ. ಕಲ್ಪೇನಿಯ ಪೂರ್ವದ ದಂಡೆಯಲ್ಲಿ ಹವಳದ ಕಲ್ಲುಗಳ ದೊಡ್ಡ ಒಡ್ಡು ಇದೆ. 1847ರ ಚಂಡಮಾರುತ ಕಡಲಿನಿಂದೆತ್ತಿ ಎಸೆದದ್ದಂತೆ. ಹೆಣ್ಣುಮಕ್ಕಳು ಮೊದಲು ಶಾಲೆಯ ಮೆಟ್ಟಿಲು ಹತ್ತಿದ್ದು ಕಲ್ಪೇನಿಯಲ್ಲೇ ಎಂದು ಅಲ್ಲಿಯವರಿಗೆ ಹೆಮ್ಮೆ. ಇಳಿತದ ಹೊತ್ತು. ಮೊಣಕಾಲುದ್ದದ ನೀರಿನಲ್ಲಿ ನನ್ನ ಪ್ರಾಯದ ಹೆಂಗಸೊಬ್ಬರು ಕಬ್ಬಿಣದ ಸರಳು ಹಿಡಿದು ಬಂಡೆಗಳ ಸಂದಿಯಲ್ಲಿ ಅಷ್ಟಪದಿ ಹುಡುಕುತ್ತಿದ್ದರು. ನನ್ನ ಹರಕು ಮಲೆಯಾಳದಲ್ಲಿ “ಇತ್ತಾ, ಎಷ್ಟು ಸಿಕ್ಕಿತು?” ಎಂದು ಕೇಳಿದೆ. ಚೀಲ ಎತ್ತಿ ತೋರಿಸಿದರು, ಎರಡೇ. “ಮೊದಲು ಈ ಹೊತ್ತಿಗೆ ಚೀಲ ಭಾರವಾಗುತ್ತಿತ್ತು ಚೇಚಿ. ಈಗ ಬಂಡೆ ಸತ್ತಿದೆ. ಸತ್ತ ಬಂಡೆ ಕಾಲಿಗೆ ಜಾರುತ್ತದೆ, ಪಾಚಿ” ಎಂದರು. ಮಗಳು ಕಲ್ಲಿಕೋಟೆಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಳಂತೆ, ರಜಕ್ಕೆ ಬಂದಿದ್ದಳು. ದಂಡೆಯಲ್ಲಿ ನಿಂತು ನಗುತ್ತ, “ಉಮ್ಮ ಹೇಳಿದ್ದನ್ನೇ ನಾವು ತರಗತಿಯಲ್ಲಿ ಬೇರೆ ಹೆಸರಿನಲ್ಲಿ ಓದುತ್ತೇವೆ” ಎಂದಳು.

ಬಂಡೆ ಸಾಯುವುದೆಂದರೇನು ಎಂದು ನೀವು ಕೇಳಬಹುದು. ನಾವು ಕೊರಳಿಗೆ ಹಾಕಿಕೊಳ್ಳುವ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಲಕ್ಷದ್ವೀಪದ್ದು ದಿಬ್ಬ ಕಟ್ಟುವ ಹವಳ. ಸೂಜಿಮೊನೆಯಷ್ಟು ಸಣ್ಣ ಜೀವಿಗಳು ಸುಣ್ಣದ ಗೂಡು ಕಟ್ಟಿಕೊಂಡು ಕೋಟಿಗಟ್ಟಲೆ ಒಟ್ಟಿಗೆ ಬಾಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಿದ್ದು ಬಿಸಿಲಿನಿಂದ ಅಡುಗೆ ಮಾಡಿಕೊಡುತ್ತದೆ, ಬಣ್ಣವೂ ಅದರದೇ. ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಈ ಸಂಸಾರ ಮುರಿಯುತ್ತದೆ. ಪಾಚಿ ಹೊರಟುಹೋಗಿ ಹವಳ ಬೆಳ್ಳಗಾಗುತ್ತದೆ. ಬೇಗ ತಂಪಾಗದಿದ್ದರೆ ಹಸಿವಿನಿಂದಲೇ ಸಾಯುತ್ತದೆ. 1998ರಲ್ಲಿ, 2010ರಲ್ಲಿ, 2016ರಲ್ಲಿ ಹೀಗಾಯಿತು. 2023ರ ಕೊನೆಯಿಂದ ಕಡಲು ಮತ್ತೆ ಕಾದು, 2024ರಲ್ಲಿ ದ್ವೀಪದುದ್ದಕ್ಕೂ ಹವಳ ಬಿಳುಚಿತು. ಹವಳ ಸತ್ತರೆ ಅಲೆ ತಡೆಯುವ ಕೋಟೆ ಸವೆಯುತ್ತದೆ. ಬಂಗಾರಮ್ ಹತ್ತಿರದ ಪರಳಿ-1 ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪ ಪೂರ್ತಿ ಕೊರೆದುಹೋಗಿದೆ ಎಂದು 2017ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ಒಂದು ಸಂಶೋಧನೆ ಹೇಳಿತು.

ಇದನ್ನೆಲ್ಲ ವರ್ಷ ಬಿಡದೆ ಲೆಕ್ಕ ಇಟ್ಟವರಲ್ಲಿ ನಮ್ಮ ನಾಡಿನ ಒಂದು ಸಂಸ್ಥೆಯೂ ಇದೆ. 1996ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಅದರ ರೋಹನ್ ಆರ್ಥರ್ ಮತ್ತು ಜತೆಗಾರರು 1998ರಿಂದ ಅಗತ್ತಿ, ಕಡಮತ್, ಕವರತ್ತಿಗಳ ಹವಳವನ್ನು ನೀರೊಳಗೆ ಮುಳುಗಿ ಅಳೆಯುತ್ತ ಬಂದಿದ್ದಾರೆ. ಆಗ ನೂರರಲ್ಲಿ ಸುಮಾರು 37 ಭಾಗ ಜೀವಂತ ಹವಳವಿದ್ದದ್ದು 2022ರ ಹೊತ್ತಿಗೆ ಸುಮಾರು 20 ಭಾಗಕ್ಕೆ ಇಳಿದಿದೆ. ಅವರ ಇನ್ನೊಂದು ಕೆಲಸ ನನಗೆ ಇದಕ್ಕಿಂತ ಇಷ್ಟ. ಅಗತ್ತಿಯ ಬೆಸ್ತರು, ಆಮೆಗಳು ಹೆಚ್ಚಾಗಿ ಲಗೂನಿನ ಹುಲ್ಲನ್ನೆಲ್ಲ ಮೇಯ್ದುಬಿಟ್ಟಿವೆ, ಅದರಿಂದ ಮೀನು ಕಡಿಮೆಯಾಗಿದೆ ಎಂದು ದೂರುತ್ತಿದ್ದರು. ಹಸಿರು ಕಡಲಾಮೆ ಎಂದರೆ ಲೋಕವೆಲ್ಲ ಕಾಪಾಡಬೇಕೆನ್ನುವ ಪ್ರಾಣಿ. ಅದರ ಮೇಲೆ ದೂರೆಂದರೆ ವಿದ್ಯಾವಂತರ ಹುಬ್ಬು ಮೇಲೇರುವುದು ಸಹಜ. ಈ ಸಂಶೋಧಕರು ಮಾತ್ರ ದೂರನ್ನು ತಳ್ಳಿಹಾಕದೆ ಹುಲ್ಲನ್ನು ಅಳೆದರು, ಆಮೆಗಳನ್ನು ಎಣಿಸಿದರು. ಒಂದು ಲಗೂನಿನ ಹುಲ್ಲು ತೀರಿದ ಮೇಲೆ ಆಮೆಗಳು ಇನ್ನೊಂದಕ್ಕೆ ಹೋಗುತ್ತವೆ, ಹುಲ್ಲನ್ನು ನೆಚ್ಚಿದ ಮೀನು ಕಡಿಮೆಯಾಗುತ್ತದೆ ಎಂಬುದು ನಿಜವೇ ಆಗಿತ್ತು. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ದ್ವೀಪಗಳ ಬೆಸ್ತರ ಕೈಗೇ ಲೆಕ್ಕದ ಪುಸ್ತಕ ಕೊಟ್ಟಿತು. ಎಲ್ಲಿ ಎರೆಮೀನು ಹಿಡಿದೆ, ಎಷ್ಟು ಟ್ಯೂನಾ ಸಿಕ್ಕಿತು ಎಂದು ಅವರೇ ಬರೆಯುತ್ತಾರೆ. ರಹ್ಮಾನಿ ಬರೆದವರ ಮೊಮ್ಮಕ್ಕಳಲ್ಲವೆ, ಕಷ್ಟವೇನೂ ಆಗಿರಲಿಕ್ಕಿಲ್ಲ.

ಹೆಂಗಸರ ಕಡೆಗೆ ವಿಜ್ಞಾನ ಬಂದದ್ದು ತಡವಾಗಿ, ಮೊದಲು ಕೊಡಪಾನದ ಮೂಲಕ. ದ್ವೀಪದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳ್ಳಗೆ ಕೆನೆಯಂತೆ ನಿಂತಿರುತ್ತದೆ. ಹೆಚ್ಚು ಸೇದಿದರೆ ಬಾವಿ ಉಪ್ಪಾಗುತ್ತದೆ. 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕವರತ್ತಿಯಲ್ಲಿ ಕಡಲಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ತೆಗೆಯುವ ಸ್ಥಾವರ ಕಟ್ಟಿತು. ಮೇಲ್ಭಾಗದ ಬೆಚ್ಚಗಿನ ನೀರನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಣಿಸಿ ಸಿಹಿನೀರು ಮಾಡುವ ಉಪಾಯ. ಕುಕ್ಕರಿನ ಮುಚ್ಚಳಕ್ಕೆ ಅಂಟಿದ ನೀರು ನೋಡಿದವರಿಗೆ ಅರ್ಥವಾಗುವಂಥದ್ದು. 2011ರಲ್ಲಿ ಮಿನಿಕಾಯ್, ಅಗತ್ತಿಗಳಿಗೂ ಅದು ಬಂತು. ಆಮೇಲೆ 2021ರ ಸುಮಾರಿಗೆ, 1958ರಲ್ಲಿ ಮಿನಿಕಾಯ್‌ಗೆ ಬಂದ ಅದೇ ಸಂಸ್ಥೆ ಹೆಂಗಸರ ಸ್ವಸಹಾಯ ಸಂಘಗಳ ಕೈಯಲ್ಲಿ ಬಿದಿರಿನ ತೆಪ್ಪಗಳ ಮೇಲೆ ಕೆಂಪು ಕಡಲಪಾಚಿ ಬೆಳೆಸುವ ಪ್ರಯೋಗ ಮಾಡಿಸಿತು. ಹತ್ತು ಸಂಘಗಳು, ನೂರು ಮನೆಗಳು. ಪಾಚಿಯ ಕಟ್ಟು ಕಟ್ಟುವುದು ಹುರಿ ಹೊಸೆದ ಕೈಗೆ ಸುಲಭ. ಅದರಿಂದ ಬರುವ ಹಣ ನಿಲ್ಲುತ್ತದೆಯೋ ಇಲ್ಲವೋ ಮಾರುಕಟ್ಟೆಗೆ ಬಿಟ್ಟದ್ದು. ಯೋಜನೆಯ ಉತ್ಸಾಹ ಮೂರು ವರ್ಷದಲ್ಲಿ ಆರಿಹೋಗುವುದನ್ನು ನಾವು ನಮ್ಮ ಊರುಗಳಲ್ಲೇ ಕಂಡವರಲ್ಲವೆ?

2011ರ ಜನಗಣತಿಯಲ್ಲಿ ಇಡೀ ಲಕ್ಷದ್ವೀಪದ ಜನಸಂಖ್ಯೆ 64,473. ನಮ್ಮ ಒಂದು ಸಣ್ಣ ಪಟ್ಟಣದಷ್ಟು. ಓದುಬರಹದಲ್ಲಿ ನಮಗಿಂತ ಬಹಳ ಮುಂದೆ. ಆದರೂ ಹೆಚ್ಚಿನ ಓದಿಗೆ ಮಕ್ಕಳು ಹಡಗು ಹತ್ತಲೇಬೇಕು. ಮಳೆಗಾಲದಲ್ಲಿ ಹಡಗು ಯಾವಾಗ ಹೊರಡುತ್ತದೋ ಹೇಳಲಾಗದು. ಕಡಲಿನ ಬಗ್ಗೆ ಕಲಿಯಲು ಕಡಲು ಬಿಟ್ಟು ಹೋಗಬೇಕು, ಕಲಿತ ಮೇಲೆ ಮರಳಿ ಬಂದರೆ ಕೆಲಸ ಎಲ್ಲಿ ಎಂಬ ಪ್ರಶ್ನೆ. ಹೊರಗಿನ ಸಂಶೋಧಕ ಎರಡು ಋತು ಇದ್ದು ಹೋಗುತ್ತಾನೆ. ಅವನಿಗೆ ದೋಣಿ ನಡೆಸಿಕೊಟ್ಟ ಹುಡುಗನಿಗೆ ಅಥವಾ ಬಂಡೆಯ ಹೆಸರು ಹೇಳಿಕೊಟ್ಟ ಹೆಂಗಸಿಗೆ ವರದಿಯ ಒಂದು ಪ್ರತಿಯಾದರೂ ಅವರ ಭಾಷೆಯಲ್ಲಿ ಸಿಗಬೇಕಲ್ಲವೆ? ಸಂಬಳವೂ ಸಿಗಬೇಕು ಎನ್ನುತ್ತೇನೆ ನಾನು.

ಕಲ್ಪೇನಿಯ ಆ ಹುಡುಗಿ ನನ್ನ ವಿಳಾಸ, ಫೋನು ನಂಬರು ಬರೆದುಕೊಂಡಿದ್ದಳು. ಕಳೆದ ಬೇಸಗೆಯಲ್ಲಿ ಫೋನು ಮಾಡಿದಳು. ಎಂ.ಎಸ್ಸಿ. ಮುಗಿದಿದೆ, ಹಡಗಿನ ಟಿಕೇಟು ಸಿಕ್ಕಿ ಊರಿಗೆ ಬಂದಿದ್ದಾಳೆ. ಇಳಿತದ ಹೊತ್ತಿಗೆ ತಾಯಿಯ ಹಿಂದೆ ನೋಟ್‌ಬುಕ್ಕು ಹಿಡಿದು ಹೋಗುತ್ತಾಳಂತೆ. ದಂಡೆಯ ಒಂದೊಂದು ಬಂಡೆಗೂ ತಾಯಿ ಒಂದೊಂದು ಹೆಸರು ಹೇಳುತ್ತಾರೆ, ಯಾವುದು ಬದುಕಿದೆ, ಯಾವುದು ಯಾವ ವರ್ಷ ಸತ್ತಿತು ಎಂಬುದನ್ನೂ ಹೇಳುತ್ತಾರೆ, ಕೂಸು ಹುಟ್ಟಿದ ವರ್ಷ, ಮದುವೆಯ ವರ್ಷ ಎಂದು ನೆನಪಿಟ್ಟುಕೊಂಡು. “ನಲವತ್ತು ಹೆಸರು ಬರೆದಿದ್ದೇನೆ ಆಂಟಿ, ಇನ್ನೂ ಉತ್ತರದ ಬದಿ ಉಳಿದಿದೆ. ಮಳೆ ಹಿಡಿಯುವುದರೊಳಗೆ ಮುಗಿಸಬೇಕು” ಎಂದಳು.